"ಆಸ್ಪತ್ರೆ ಮುಖ ಬಿಟ್ರೆ ಬೇರೆ ಮುಖನೇ ನೆನಪಾಗ್ತಿಲ್ಲ ಮೇಡಂ"

ಅವರಿಗೆ 64 ವರ್ಷ, ಗಂಡ ತೀರ್ಕೊಂಡು ಏಳು ತಿಂಗಳಾಗಿತ್ತು. ಗುರುತು ಸಿಗಬಾರದು ಅಂತ ವಯಸ್ಸು, ಇನ್ನೂ ಕೆಲವು ವಿವರ ಬದಲಾಯಿಸಿದೀನಿ, ಅವರನ್ನ ಕೇಳೇ ಬರೀತಿದೀನಿ. ನನ್ನ ಹತ್ರ ಕೌನ್ಸೆಲಿಂಗ್‌ಗೆ ಕರ್ಕೊಂಡು ಬಂದಿದ್ದು ಮಗಳು. ವರ್ಷ ತುಂಬೋ ಹೊತ್ತಿಗೆ ಅಪ್ಪನ ಬಗ್ಗೆ ಒಂದು ಚಿಕ್ಕ ಪುಸ್ತಕದ ಥರ ಮಾಡಿ ಮನೆಯವರಿಗೆಲ್ಲ ಕೊಡಬೇಕು ಅಂತ ಆಕೆಗೆ ಆಸೆ, ಅದಕ್ಕೆ ಅಮ್ಮನ್ನ ಕೇಳಿದ್ರೆ ಅಮ್ಮ "ಒಳ್ಳೆಯವರಿದ್ರು" ಅಂತ ಒಂದೇ ಮಾತು ಹೇಳಿ ಎದ್ದು ಒಳಗೆ ಹೋಗ್ಬಿಡ್ತಾರಂತೆ. ಅಳೋದೂ ಇಲ್ಲ. "ಅಮ್ಮ ಇನ್ನೂ ಡಿನೈಯಲ್ ಹಂತದಲ್ಲೇ ಇದಾರೆ ಅನ್ಸುತ್ತೆ ಮೇಡಂ, ಐದು ಹಂತ ಅಂತ ಓದಿದೀನಿ" ಅಂದ್ಲು.

ಈ ಐದು ಹಂತದ (ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳೋದು) ಮಾತು ನಾನು ವಾರಕ್ಕೆ ಒಂದು ಸಲನಾದ್ರೂ ಕೇಳ್ತೀನಿ. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಅದನ್ನ ಬರೆದಾಗ ಅವರು ಕೂತು ಮಾತಾಡಿದ್ದು ಸಾವಿಗೆ ಹತ್ತಿರ ಇದ್ದ ರೋಗಿಗಳ ಜೊತೆ, ಹಿಂದೆ ಉಳಿದವರ ಜೊತೆ ಅಲ್ಲ. ಆಮೇಲೆ ಅದು ದುಃಖಕ್ಕೆಲ್ಲ ಟೈಮ್ ಟೇಬಲ್ ಥರ ಆಗ್ಬಿಡ್ತು, ಅಮ್ಮ ಎರಡನೇ ಹಂತಕ್ಕೆ ಬಂದ್ರಾ ಮೂರಕ್ಕೆ ಬಂದ್ರಾ ಅಂತ ಮನೆಯವರು ಲೆಕ್ಕ ಹಾಕೋಕೆ ಶುರು ಮಾಡಿದ್ರು, ಪಾಪ ದುಃಖದಲ್ಲಿರೋರಿಗೆ ಅದೂ ಒಂದು ಪರೀಕ್ಷೆ. ಹಾಗೇನಿಲ್ಲಮ್ಮಾ, ಅದನ್ನ ಪಕ್ಕಕ್ಕಿಡು ಅಂದೆ. ಮಗಳನ್ನ ಹೊರಗೆ ಕೂರಿಸಿ ಅವರೊಬ್ಬರ ಜೊತೇನೇ ಮಾತಾಡ್ದೆ.

ತುಂಬಾ ಹೊತ್ತು ಸುಮ್ನಿದ್ರು. ಆಮೇಲೆ ಮೆಲ್ಲಗೆ ಹೇಳಿದ್ದು ಇದು. "ನಂಗೆ ಆಸ್ಪತ್ರೆ ಮುಖ ಬಿಟ್ರೆ ಬೇರೆ ಮುಖನೇ ನೆನಪಾಗ್ತಿಲ್ಲ ಮೇಡಂ. 41 ವರ್ಷ ಜೊತೇಲಿದ್ದೆ. ಕಣ್ಣು ಮುಚ್ಚಿದ್ರೆ ಆ ಮಾಸ್ಕು, ಆ ಟ್ಯೂಬು, ಅಷ್ಟೇ. ಎಲ್ರೂ ಬಂದು ದೇವರಂಥ ಮನುಷ್ಯ ಅಂತಾರೆ, ನಾನು ಹ್ಞೂಂ ಅಂತೀನಿ, ಒಳಗೆ ಖಾಲಿ." ಮಗಳು ಇದನ್ನ ನಿರಾಕರಣೆ ಅನ್ಕೊಂಡಿದ್ಲು. ಇವರಿಗೆ ನಾಚಿಕೆ, ಗಂಡನ್ನೇ ಮರೆತೆ ಅನ್ನೋ ಭಯ, ಅದಕ್ಕೇ ಮಾತು ಬಂದ್ರೆ ಎದ್ದು ಹೋಗೋದು.

ಕೊನೇ ದಿನಗಳು ಇಡೀ ಜೀವನವನ್ನ ಮುಚ್ಕೊಂಡು ನಿಂತ್ಕೊಳ್ಳೋದು ತುಂಬಾ ಜನರಿಗೆ ಆಗುತ್ತೆ, ಅದರಲ್ಲೂ ಹತ್ತಿರದಲ್ಲಿದ್ದು ನೋಡ್ಕೊಂಡವರಿಗೆ. ಭಯದಲ್ಲಿ, ನಿದ್ದೆ ಇಲ್ದೆ ಕಂಡಿದ್ದು ಗಟ್ಟಿಯಾಗಿ ಅಂಟ್ಕೊಳ್ಳುತ್ತೆ. ನೀವು ಮರೆತಿಲ್ಲ, ಹಿಂದಿಂದೆಲ್ಲ ಅದರ ಹಿಂದೆ ಹಾಗೇ ಇದೆ ಅಂತ ಹೇಳ್ದೆ, ಆದ್ರೆ ಹೇಳಿದ್ರೆ ನಂಬೋದಿಲ್ಲ ಅಂತ ಗೊತ್ತಿತ್ತು. ಗಂಡ ಹೇಗಿದ್ರು ಅಂತ ನಾನು ಕೇಳಲಿಲ್ಲ, ಆ ಪ್ರಶ್ನೆಗೆ ಎಲ್ರೂ ಕೊಡೋ ಉತ್ತರ "ಒಳ್ಳೆಯವರಿದ್ರು" ಅಂತಾನೇ. ರಾತ್ರಿ ಮಲಗೋ ಮುಂಚೆ ನಿಮ್ಮನೆಯವರು ಕೊನೆಗೆ ಮಾಡ್ತಿದ್ದ ಕೆಲಸ ಏನು ಅಂತ ಕೇಳ್ದೆ.

"ಬಾಗಿಲ ಚಿಲಕ ಎಳೆದು ನೋಡೋರು. ಒಂದ್ ಸಲ ಅಲ್ಲ, ಮೂರು ಸಲ. ನಂಗೆ ಸಿಟ್ಟು ಬರೋದು, ಹಾಕಿದೀರಲ್ಲ ಬನ್ರೀ ಅನ್ನೋಳು." ಆಮೇಲೆ? "ಆಮೇಲೆ ನನ್ನ ನೀರಿನ ಬಾಟಲಿ ತುಂಬಿಸಿ ನನ್ನ ಕಡೆ ಇಡೋರು." ಇಲ್ಲಿ ನಿಲ್ಲಿಸಿದ್ರು. ಅವರಿಗೆ ಬೆರಳಿನ ಗಂಟುನೋವು, ಸ್ಟೀಲ್ ಬಾಟಲಿ ಮುಚ್ಚಳ ತಿರುಗಿಸೋಕೆ ಆಗಲ್ಲ, ಅದಕ್ಕೆ ಈ ಮನುಷ್ಯ ಮುಚ್ಚಳನ ಅರ್ಧ ಸುತ್ತು ಸಡಿಲ ಮಾಡಿ ಇಡ್ತಿದ್ರಂತೆ. ಯಾವತ್ತೂ ಅದರ ಬಗ್ಗೆ ಒಂದು ಮಾತು ಆಡಿಲ್ಲ, ಇವರೂ ಕೇಳಿಲ್ಲ. ತೀರ್ಕೊಂಡು ಹದಿನೈದು ದಿನ ಆದ್ಮೇಲೆ ಒಂದು ರಾತ್ರಿ ಬಾಯಾರಿ ಎದ್ದು ಬಾಟಲಿ ಹಿಡ್ಕೊಂಡ್ರೆ ಮುಚ್ಚಳ ತೆಗೆಯೋಕಾಗಿಲ್ಲ, ಕತ್ತಲಲ್ಲಿ ಹಾಗೇ ಬಾಟಲಿ ಹಿಡ್ಕೊಂಡು ಕೂತಿದ್ರಂತೆ. ಅದನ್ನ ಹೇಳ್ತಾ ಹೇಳ್ತಾ ನನ್ನ ರೂಮಲ್ಲಿ ಅತ್ತರು. ನಾನೇನೂ ಮಾತಾಡಲಿಲ್ಲ.

ಮುಂದಿನ ಭೇಟೀಲಿ ಇನ್ನೊಂದು ಹೊರಗೆ ಬಂತು. ಆಸ್ಪತ್ರೆಗೆ ಸೇರಿಸಿದ ದಿನ ಬೆಳಿಗ್ಗೆ ಗಂಡ ಕೆಮ್ಮುತ್ತಾ ಏನೋ ಕೇಳ್ತಾನೇ ಇದ್ರು, ಇವರು "ಸ್ವಲ್ಪ ಸುಮ್ನಿರ್ತೀರಾ" ಅಂದಿದ್ರು. ಮನೇಲಿ ಆಡಿದ ಕೊನೇ ಮಾತು ಅದೇ. ಏಳು ತಿಂಗಳು ಇದನ್ನ ಯಾರಿಗೂ ಹೇಳಿರ್ಲಿಲ್ಲ. ಇಂಥ ಕಡೆ "ಅಯ್ಯೋ ಬಿಡಿ, ಅದೇನು ದೊಡ್ಡದು" ಅನ್ನೋದು ಸುಲಭ, ಆದ್ರೆ ಹಾಗಂದ್ರೆ ಅವರು ಬಾಯಿ ಮುಚ್ಕೊಳ್ತಾರೆ ಅಷ್ಟೇ, ಭಾರ ಒಳಗೇ ಇರುತ್ತೆ. ಎದುರಿಗೆ ಖಾಲಿ ಕುರ್ಚಿ ಇಟ್ಟೆ. ಅವರು ಇಲ್ಲಿ ಕೂತಿದಾರೆ ಅಂತ ಅನ್ಕೊಂಡು ಅದನ್ನ ಹೇಳಿ ಅಂದೆ, ಆಮೇಲೆ ಆ ಕುರ್ಚೀಲಿ ನೀವೇ ಕೂತು ಅವರೇನು ಹೇಳ್ತಿದ್ರೋ ಅದನ್ನ ಅವರ ಧಾಟೀಲೇ ಹೇಳಿ ಅಂದೆ. ಎದ್ದು ಹೋಗಿ ಕೂತು ಸ್ವಲ್ಪ ಹೊತ್ತು ಯೋಚಿಸಿ, "ನೀನು ದಿನಾ ಅದನ್ನೇ ಅಂತಿದ್ಯಲ್ಲ, ಇವತ್ತೇನು ಹೊಸದು" ಅಂದ್ರು. ಅಂದು ನಕ್ಕುಬಿಟ್ರು. ನಕ್ಕಿದ್ದಕ್ಕೆ ತಕ್ಷಣ ಸೆರಗು ಬಾಯಿಗೆ ಹೋಯ್ತು, ತಪ್ಪು ಮಾಡ್ದೆ ಅನ್ನೋ ಥರ.

ಆ ನಗುವಿನ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡಿದ್ವಿ. ಸ್ಟ್ರೋಬ್ ಮತ್ತು ಶುಟ್ ಅನ್ನೋ ಸಂಶೋಧಕರು 1999ರಲ್ಲಿ ಹೇಳಿದ್ದು ನನಗೆ ಹಂತಗಳಿಗಿಂತ ನಿಜ ಅನ್ಸುತ್ತೆ, ದುಃಖದಲ್ಲಿರೋರು ಒಂದು ಗಳಿಗೆ ಹೋದವರ ಕಡೆ ತಿರುಗ್ತಾರೆ, ಇನ್ನೊಂದು ಗಳಿಗೆ ಮುಂದಿನ ಬದುಕಿನ ಕಡೆ, ಬಿಲ್ ಕಟ್ಟೋದು, ಬಾಟಲಿ ಮುಚ್ಚಳ ತೆಗೆಯೋದು, ಹೀಗೆ ಅತ್ತಿತ್ತ ಓಡಾಡ್ತಾನೇ ಇರ್ತಾರೆ, ಆ ಓಡಾಟವೇ ಆರೋಗ್ಯ. ನಗು ಬಂದ್ರೆ ಪ್ರೀತಿ ಕಮ್ಮಿ ಆಯ್ತು ಅಂತಲ್ಲ. "ಅವರನ್ನ ಬಿಟ್ಟುಬಿಡಬೇಕಾ ಮೇಡಂ, ಎಲ್ರೂ ಮುಂದೆ ನೋಡು ಅಂತಾರೆ" ಅಂತ ಕೇಳಿದ್ರು. ಬೇಡ. ಹೋದವರಿಂದ ಮನಸ್ಸು ಬಿಡಿಸ್ಕೋಬೇಕು ಅನ್ನೋದು ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ 1917ರಲ್ಲಿ ಪ್ರಕಟಿಸಿದ ಕಾಲದಿಂದ ಬಂದ ಮಾತು, 1996ರ ಹೊತ್ತಿಗೆ ಕ್ಲಾಸ್, ಸಿಲ್ವರ್‌ಮನ್, ನಿಕ್‌ಮನ್ ಅನ್ನೋ ಸಂಶೋಧಕರು ಸಂಬಂಧ ಮುಗಿಯೋದಿಲ್ಲ, ರೂಪ ಬದಲಾಯಿಸುತ್ತೆ, ಅದರಲ್ಲಿ ರೋಗ ಏನೂ ಇಲ್ಲ ಅಂತ ತೋರಿಸಿದ್ರು. ನನ್ನ ಅನುಭವವೂ ಅದೇ.

ಮೂರನೇ ಸಲ ಮಗ, ಮಗಳು ಇಬ್ರನ್ನೂ ಕರೆಸಿದೆ. ಪುಸ್ತಕದ ವಿಷಯಕ್ಕೆ ಅವರಿಬ್ರೂ ಮಾತು ಬಿಟ್ಟಿದ್ರು. ಮಗಳು ಬರೆದಿದ್ದು "ಅಪ್ಪ ಯಾವತ್ತೂ ಕೋಪ ಮಾಡ್ಕೊಂಡವರಲ್ಲ". ಮಗ ಓದಿ, "ನಿನ್ನ ಮೇಲೆ ಮಾಡ್ಕೊಂಡಿಲ್ಲ" ಅಂದಿದ್ದ, ಅಷ್ಟಕ್ಕೇ ಜಗಳ. ಆ ಹುಡುಗ ಕಂಡ ಅಪ್ಪನೇ ಬೇರೆ, ಮಾರ್ಕ್ಸ್ ಕಾರ್ಡ್ ನೋಡಿ ಎರಡು ದಿನ ಮಾತು ಬಿಡ್ತಿದ್ದ ಅಪ್ಪ, ಫೋನಲ್ಲಿ "ಹುಷಾರಾಗಿದೀಯಲ್ಲ, ಸರಿ ಇಡ್ತೀನಿ" ಅಂತ ಒಂದು ನಿಮಿಷನೂ ಮಾತಾಡದ ಅಪ್ಪ. ಅವನಿಗೆ ದುಃಖ ಕಮ್ಮಿ ಅಂತ ಮನೆಯವರೆಲ್ಲ ಅನ್ಕೊಂಡಿದ್ರು, ಹೇಳಬೇಕು ಅಂದ್ರೆ ಜಾಸ್ತಿ ಇದ್ದಿದ್ದು ಅವನಿಗೇ, ಯಾಕಂದ್ರೆ ಅವನಿಗೆ ಅಪ್ಪನ್ನ ಇನ್ನೂ ಕೇಳೋದಿತ್ತು.

ನಾನು ಕೊಟ್ಟ ಸಲಹೆ: ಒಂದೇ ಅಪ್ಪನ್ನ ಬರೆಯೋಕೆ ಹೋಗ್ಬೇಡಿ, ಯಾರ ಅಪ್ಪನ್ನ ಅವರೇ ಬರೀಲಿ, ಒಬ್ಬರು ಬರೆದಿದ್ದನ್ನ ಇನ್ನೊಬ್ಬರು ತಿದ್ದೋ ಹಾಗಿಲ್ಲ. ಮೂರು ಸಲ ಚಿಲಕ ಎಳೆದಿದ್ದನ್ನೂ ಬರೀರಿ, ಮಾತು ಬಿಟ್ಟಿದ್ದನ್ನೂ ಬರೀರಿ. ದೇವರಂಥವರು, ನಿಸ್ವಾರ್ಥಿ, ಮಮತಾಮಯಿ ಇಂಥ ಪದ ಹತ್ತು ಸಲ ಬರೆದ್ರೂ ಆ ಮನುಷ್ಯ ಕಾಣಲ್ಲ, ಮುಚ್ಚಳ ಒಂದು ಸಲ ಬರೆದ್ರೆ ಕಾಣ್ತಾರೆ. ಫೋನಲ್ಲಿರೋ ಅವರ ವಾಯ್ಸ್ ಮೆಸೇಜು, ವಿಡಿಯೋ ಎಲ್ಲ ಇವತ್ತೇ ಇನ್ನೂ ಎರಡು ಕಡೆ ಕಾಪಿ ಮಾಡಿ, ಫೋನ್ ಕೆಟ್ಟು ಧ್ವನಿ ಕಳ್ಕೊಂಡು ಬಂದವರನ್ನ ನೋಡಿದೀನಿ, ಅದು ಎರಡನೇ ಸಲ ಕಳ್ಕೊಂಡ ಹಾಗೆ. ಬಟ್ಟೆ ಬರೆ ಯಾವಾಗ ತೆಗೀಬೇಕು ಅನ್ನೋದನ್ನ ಅಮ್ಮ ಹೇಳ್ಲಿ, ನೀವು ಹೋಗಿ ಬೀರು ಖಾಲಿ ಮಾಡ್ಬೇಡಿ.

ಮೊಮ್ಮಗಳ ವಿಷಯ ಮಗಳು ಎದ್ದು ಹೊರಡೋವಾಗ ಹೇಳಿದ್ಲು, ಮುಖ್ಯವಾದ್ದು ಯಾವಾಗ್ಲೂ ಬಾಗಿಲ ಹತ್ರಾನೇ ಬರುತ್ತೆ. ಮಗುಗೆ ಐದೂವರೆ. "ತಾತ ಮಲಗಿದಾರೆ" ಅಂತ ಹೇಳಿದ್ರಂತೆ, ಈಗ ಅದು ರಾತ್ರಿ ಮಲಗೋಕೆ ಒಪ್ಪಲ್ಲ, ಅಮ್ಮ ಕಣ್ಣು ಮುಚ್ಚಿದ್ರೂ ಅಲ್ಲಾಡಿಸಿ ಎಬ್ಬಿಸುತ್ತೆ. ಸತ್ತವರು ವಾಪಸ್ ಬರಲ್ಲ, ದೇಹ ಪೂರ್ತಿ ಕೆಲಸ ನಿಲ್ಲಿಸಿರುತ್ತೆ ಅನ್ನೋದು ಮಕ್ಕಳಿಗೆ ಸಾಮಾನ್ಯವಾಗಿ 5ರಿಂದ 7 ವರ್ಷದೊಳಗೆ ಅರ್ಥ ಆಗೋಕೆ ಶುರುವಾಗುತ್ತೆ, ನಾವು ಮಲಗಿದಾರೆ, ಊರಿಗೆ ಹೋಗಿದಾರೆ ಅಂದ್ರೆ ಅದನ್ನ ಅಕ್ಷರಶಃ ತಗೊಳ್ತಾರೆ. ಇವತ್ತೇ ಪಕ್ಕದಲ್ಲಿ ಕೂರಿಸ್ಕೊಂಡು "ತಾತ ಸತ್ತುಹೋದ್ರು, ಅವರ ದೇಹ ಕೆಲಸ ಮಾಡೋದು ನಿಂತುಹೋಯ್ತು, ಅವರು ವಾಪಸ್ ಬರಲ್ಲ, ನಿದ್ದೆ ಅಂದ್ರೆ ಅದಲ್ಲ, ನಿದ್ದೆಯಿಂದ ಎಲ್ರೂ ಏಳ್ತಾರೆ, ನೀನೇನೋ ಮಾಡಿದ್ದಕ್ಕೆ ಹೀಗಾಗಿಲ್ಲ" ಅಂತ ಇದೇ ಪದಗಳಲ್ಲಿ ಹೇಳು ಅಂದೆ. ಹತ್ತು ಸಲ ಕೇಳಿದ್ರೆ ಹತ್ತು ಸಲವೂ ಅದನ್ನೇ ಹೇಳಬೇಕು.

ಅಮ್ಮನ ನಿದ್ದೆ, ಬಿಪಿ, ಮಾತ್ರೆ ಬಗ್ಗೆಯೂ ಡಾಕ್ಟರ್ ಹತ್ರ ಒಂದ್ಸಲ ತೋರಿಸಿ ಅಂದೆ, ಸಂಗಾತಿ ಹೋದ ಮೊದಲ ತಿಂಗಳುಗಳಲ್ಲಿ ಉಳಿದವರ ಆರೋಗ್ಯಕ್ಕೆ ಅಪಾಯ ಜಾಸ್ತಿ. ದೀರ್ಘಕಾಲದ ಶೋಕ ಅಂತ ಒಂದು ಕಾಯಿಲೆ ಇದೆ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಪ್ರಕಾರ ಕನಿಷ್ಠ 6 ತಿಂಗಳು, ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂನ 2022ರ ಆವೃತ್ತಿ ಪ್ರಕಾರ ದೊಡ್ಡವರಲ್ಲಿ ಕನಿಷ್ಠ 12 ತಿಂಗಳು ಆಗಿರಬೇಕು, ಜೊತೆಗೆ ಹಂಬಲ ಅಥವಾ ಹೋದವರದ್ದೇ ಯೋಚನೆ ಬಿಡದೆ ಕಾಡ್ತಾ ದಿನದ ಬದುಕಿಗೇ ಅಡ್ಡಿ ಆಗ್ತಿರಬೇಕು. ಇವರಿಗೆ ಏಳು ತಿಂಗಳಾಗಿದ್ರಿಂದ ಅದನ್ನೂ ನೋಡ್ದೆ, ಅದಲ್ಲ ಅನ್ಸಿತು. ಬದುಕೋದೇ ಬೇಡ ಅನ್ನೋ ಯೋಚನೆ ಇದೆಯಾ ಅಂತ ನೇರವಾಗೇ ಕೇಳ್ದೆ, ಇಲ್ಲ ಅಂದ್ರು. ಹೌದು ಅಂದಿದ್ರೆ ಅವತ್ತೇ ಮನೋವೈದ್ಯರ ಹತ್ರ ಕಳಿಸ್ತಿದ್ದೆ.

ಆರನೇ ಭೇಟಿಗೆ ಒಬ್ಬರೇ ಬಂದ್ರು. ಆಸ್ಪತ್ರೆ ಮುಖ ಈಗ್ಲೂ ಬರುತ್ತೆ, ಆದ್ರೆ ಚಿಲಕ ಎಳೆಯೋ ಬೆನ್ನೂ ಕಾಣುತ್ತೆ ಅಂದ್ರು. ಮಗ ನಾಲ್ಕು ಪುಟ ಬರೆದಿದಾನಂತೆ, ಮಗಳಿಗಿಂತ ಜಾಸ್ತಿ. ಮಗು ಒಬ್ಬಳೇ ಅಲ್ದಿದ್ರೂ ಮಲಗ್ತಿದಾಳೆ. ವರ್ಷ ತುಂಬೋ ದಿನದ ಹಿಂದೆಮುಂದೆ ಮತ್ತೆ ಕಷ್ಟ ಆಗಬಹುದು, ಅದಕ್ಕೆ ಆ ವಾರಕ್ಕೇ ಮುಂದಿನ ಭೇಟಿ ಇಟ್ವಿ. ಬ್ಯಾಗಿಂದ ಹೊಸ ಬಾಟಲಿ ತೆಗೆದು ನೀರು ಕುಡಿದ್ರು, ಬಟನ್ ಒತ್ತಿದ್ರೆ ಮುಚ್ಚಳ ತಾನೇ ತೆಗೆದುಕೊಳ್ಳೋದು. ಹಳೇದು ಏನ್ಮಾಡಿದ್ರಿ ಅಂದೆ.

"ಅವರ ಶರ್ಟಿನ ಜೊತೆ ಇಟ್ಟಿದೀನಿ. ಮುಚ್ಚಳ ಬಿಗಿ ಮಾಡಿಲ್ಲ."