ಸಂಶೋಧನೆಯ ಡೇಟಾ ತೆರೆದಿಟ್ರೆ ಕದ್ದುಬಿಡ್ತಾರಾ? ರೆಪಾಸಿಟರಿ ಬಗ್ಗೆ ಮೂರು ಪ್ರಶ್ನೆ

ಪ್ರಶ್ನೆ: ನಾನು ಮಂಡ್ಯದವನು, ಪಿಎಚ್‌ಡಿ ಕೊನೇ ವರ್ಷ. ಮಂಡ್ಯ, ಮದ್ದೂರು, ಪಾಂಡವಪುರ ತಾಲ್ಲೂಕಿನ 60 ಆಲೆಮನೆಗಳನ್ನ ಮೂರು ವರ್ಷ ಸುತ್ತಿ ಖರ್ಚು, ಕೂಲಿ, ಸಾಲ, ಬೆಲ್ಲದ ಇಳುವರಿ ಎಲ್ಲಾ ಎಕ್ಸೆಲ್‌ಗೆ ಹಾಕಿದೀನಿ. ಓಪನ್ ಆಕ್ಸೆಸ್ ರೆಪಾಸಿಟರಿಗೆ, ಅಂದ್ರೆ ಯಾರು ಬೇಕಾದ್ರೂ ಪುಕ್ಕಟೆ ನೋಡೋ ಆನ್‌ಲೈನ್ ಸಂಗ್ರಹಕ್ಕೆ ಹಾಕು ಅಂತ ಫ್ರೆಂಡ್ ಹೇಳ್ತಾನೆ, ಹಾಕಿದ್ರೆ ಬೇರೆಯವರು ಎತ್ಕೊಂಡು ಪೇಪರ್ ಮಾಡ್ಕೋತಾರೆ ಅಂತ ಗೈಡ್ ಹೇಳ್ತಾರೆ. ಹೇಗೂ ಥೀಸಿಸ್ ಶೋಧಗಂಗಾ ವೆಬ್‌ಸೈಟ್‌ಗೆ ಹೋಗುತ್ತಲ್ಲ, ಅಷ್ಟು ಸಾಲದಾ?

ಉತ್ತರ: ನಿಮ್ಮ ಗೈಡ್ ಭಯ ನಂಗೆ ಅರ್ಥ ಆಗುತ್ತೆ, ಮೂರು ವರ್ಷ ಬಿಸಿಲಲ್ಲಿ ಸುತ್ತಿದ ಫಲ ಬೇರೆಯವರ ಪಾಲಾದ್ರೆ ಯಾರಿಗಾದ್ರೂ ಹೊಟ್ಟೆ ಉರಿಯುತ್ತೆ. ಆದ್ರೆ ಒಂದು ಯೋಚನೆ ಮಾಡಿ, ಡೇಟಾ ಬರೀ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ, ಗೈಡ್ ಪೆನ್‌ಡ್ರೈವ್‌ನಲ್ಲಿ, ಜೊತೆಯವರಿಗೆ ಕಳಿಸಿದ ಮೇಲ್‌ನಲ್ಲಿ ಇದ್ರೆ ಅದು ನಿಮ್ಮದು ಅನ್ನೋಕೆ ಸಾಕ್ಷಿ ಎಲ್ಲಿದೆ? ರೆಪಾಸಿಟರಿಗೆ ಹಾಕಿದ್ರೆ ನಿಮ್ಮ ಹೆಸರು, ತಾರೀಕು, ಡಿಒಐ ಅನ್ನೋ ಒಂದು ಶಾಶ್ವತ ನಂಬರ್ ಸಿಗುತ್ತೆ. ಆಮೇಲೆ ಯಾರಾದ್ರೂ ಅದೇ ಅಂಕಿಗಳನ್ನ ತಮ್ಮದು ಅಂತ ತೋರಿಸಿದ್ರೆ ನೀವು ಆ ಲಿಂಕ್ ಇಟ್ಟು ಮಾತಾಡಬಹುದು. ಮುಚ್ಚಿಟ್ಟ ಡೇಟಾ ಕದ್ರೆ ಯಾರಿಗೂ ಗೊತ್ತಾಗಲ್ಲ, ತೆರೆದಿಟ್ಟಿದ್ದನ್ನ ಕದ್ರೆ ಸಿಕ್ಕಿಹಾಕ್ಕೋತಾರೆ, ನನ್ನ ಅನುಭವದಲ್ಲಿ ಇದೇ ಸತ್ಯ.

ಇಷ್ಟಾದ್ಮೇಲೂ ಧೈರ್ಯ ಬರಲಿಲ್ಲ ಅಂದ್ರೆ ಎಂಬಾರ್ಗೋ ಅಂತ ಇದೆ. ಇಂಥ ತಾರೀಕಿನವರೆಗೆ ಫೈಲ್ ಯಾರಿಗೂ ಕಾಣಬಾರದು ಅಂತ ಹಾಕಿಬಿಡಬಹುದು, ಹೆಸರು ಮತ್ತು ವಿವರ ಮಾತ್ರ ಕಾಣುತ್ತೆ, ಆ ತಾರೀಕು ದಾಟಿದ್ಮೇಲೆ ಫೈಲ್ ತೆರ್ಕೊಳ್ಳುತ್ತೆ, ಅಷ್ಟರಲ್ಲಿ ನಿಮ್ಮ ಪೇಪರ್ ಬಂದಿರುತ್ತೆ. ಗೈಡ್‌ಗೆ ಇದನ್ನ ಹೇಳಿ ನೋಡಿ, ಮುಕ್ಕಾಲು ಪಾಲು ಜನ ಇಲ್ಲಿಗೆ ಒಪ್ಕೋತಾರೆ.

ಶೋಧಗಂಗಾ ಸಾಲದಾ ಅಂದ್ರಿ. ಯುಜಿಸಿ 2009ರಲ್ಲಿ ನಿಯಮ ತಂದು ಥೀಸಿಸ್ ಎಲೆಕ್ಟ್ರಾನಿಕ್ ಪ್ರತಿ ಕೊಡಲೇಬೇಕು ಅಂತ ಮಾಡಿದ್ರಿಂದ, ಗುಜರಾತಿನ ಗಾಂಧಿನಗರದಲ್ಲಿರೋ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸೋ ಶೋಧಗಂಗಾ ಇವತ್ತು ನಮ್ಮ ದೇಶದ ಥೀಸಿಸ್‌ಗಳ ದೊಡ್ಡ ಕಣಜ ಆಗಿದೆ, ಅದರ ಬಗ್ಗೆ ನಂಗೆ ಬಹಳ ಗೌರವ ಇದೆ. ಆದ್ರೆ ಅಲ್ಲಿ ಹೋಗೋದು ಅಧ್ಯಾಯ ಅಧ್ಯಾಯವಾಗಿ ಪಿಡಿಎಫ್. ನಿಮ್ಮ 60 ಆಲೆಮನೆಯ ಟೇಬಲ್ ಅನುಬಂಧದಲ್ಲಿ ಚಿತ್ರದ ಥರ ಕೂತಿರುತ್ತೆ, ಅದನ್ನ ಇನ್ನೊಬ್ಬ ಬಳಸಬೇಕಂದ್ರೆ ಒಂದೊಂದು ಅಂಕಿನೂ ಮತ್ತೆ ಟೈಪ್ ಮಾಡ್ಬೇಕು. ಅದಕ್ಕೆ ಡೇಟಾ ಬೇರೆ ಹಾಕಿ ಅಂತೀನಿ. ನಿಮ್ಮ ವಿಶ್ವವಿದ್ಯಾಲಯದ ರೆಪಾಸಿಟರಿ ಡೇಟಾ ತಗೊಳ್ಳುತ್ತಾ ಮೊದಲು ಲೈಬ್ರರಿಯಲ್ಲಿ ಕೇಳಿ. ಇಲ್ಲ ಅಂದ್ರೆ ಜೆನೊಡೋ ಇದೆ, ಯುರೋಪಿನ ಸರ್ನ್ ಸಂಸ್ಥೆ 2013ರಿಂದ ನಡೆಸ್ತಿರೋದು, ದುಡ್ಡು ಇಲ್ಲ, ಒಂದು ದಾಖಲೆಗೆ 50 ಜಿಬಿ ತನಕ ಜಾಗ, ಡಿಒಐ ಅಲ್ಲೇ ಸಿಗುತ್ತೆ. ಆಮೇಲೆ ತಪ್ಪು ಕಂಡ್ರೆ ಹೊಸ ವರ್ಷನ್ ಹಾಕಬಹುದು, ಹಳೇದೂ ಹಾಗೇ ಇರುತ್ತೆ.

ಆದ್ರೆ ಎಕ್ಸೆಲ್ ಇದ್ದಂಗೇ ಎತ್ತಿ ಹಾಕ್ಬೇಡಿ, ದಯವಿಟ್ಟು. ನಿಮ್ಮ ಫೈಲ್‌ನಲ್ಲಿ ಮಾಲೀಕರ ಹೆಸರು, ಫೋನ್ ನಂಬರ್, ಯಾರ ಹತ್ರ ಎಷ್ಟು ಬಡ್ಡಿಗೆ ಸಾಲ, ಬೆಲ್ಲಕ್ಕೆ ಬಣ್ಣ ಬರ್ಲಿ ಅಂತ ಹೈಡ್ರೋಸ್ ಅನ್ನೋ ಕೆಮಿಕಲ್ ಹಾಕ್ತಾರಾ, ಸಕ್ಕರೆ ಬೆರೆಸ್ತಾರಾ, ಇದೆಲ್ಲ ಇರುತ್ತೆ ಅಲ್ವಾ? ಕೊಪ್ಪರಿಗೆ ಪಕ್ಕ ನಿಂತು, ಒಂದು ಲೋಟ ಕಬ್ಬಿನ ಹಾಲು ಕೊಟ್ಟು, ನಿಮ್ಮನ್ನ ನಂಬಿ ಹೇಳಿರೋ ಮಾತು ಅದು. ಹೆಸರು ಅಳಿಸಿದ್ರೆ ಆಯ್ತು ಅಂದ್ಕೋಬೇಡಿ, ಆ ಊರಲ್ಲಿ ಇರೋದೇ ಒಂದು ಆಲೆಮನೆ ಆದ್ರೆ ಊರ ಹೆಸರು ಇದ್ರೆ ಸಾಕು, ಯಾರು ಅಂತ ತಾಲ್ಲೂಕಿಗೇ ಗೊತ್ತಾಗುತ್ತೆ. ಊರು ತೆಗೆದು ತಾಲ್ಲೂಕು ಇಡಿ, ಜಿಪಿಎಸ್ ಕಾಲಂ ತೆಗೀರಿ, ಸಾಲದ ಮೊತ್ತನ 1ರಿಂದ 2 ಲಕ್ಷ, 2ರಿಂದ 5 ಲಕ್ಷ ಅಂತ ಗುಂಪು ಮಾಡಿ. ಡೇಟಾ ಹಂಚ್ಕೋತೀನಿ ಅಂತ ಅವರಿಗೆ ಮೊದಲೇ ಹೇಳಿರಲಿಲ್ಲ ಅಂದ್ರೆ ಇನ್ನೊಂದ್ಸಲ ಹೋಗಿ ಕೇಳಿ, ಬೇಡ ಅಂದವರ ಸಾಲು ಬಿಟ್ಟುಬಿಡಿ.

ಇನ್ನೊಂದು, ಜೊತೆಗೆ ರೀಡ್‌ಮಿ ಅಂತ ಒಂದು ಸಣ್ಣ ಟೆಕ್ಸ್ಟ್ ಫೈಲ್ ಇರಲೇಬೇಕು. "ಒಂದು ಪಾಕ" ಅಂದ್ರೆ ಎಷ್ಟು ಲೀಟರ್ ಕಬ್ಬಿನ ಹಾಲು, ತೂಕ ಕ್ವಿಂಟಾಲ್‌ನಲ್ಲಾ ಕೆಜಿಯಲ್ಲಾ, 03-04 ಅಂದ್ರೆ ಏಪ್ರಿಲ್ 3 ನಾ ಮಾರ್ಚ್ 4 ನಾ. ಎಲ್ಲಕ್ಕಿಂತ ಮುಖ್ಯ ಸೊನ್ನೆ. ಇಳುವರಿ ಕಾಲಂನಲ್ಲಿ 0 ಅಂತಿದ್ರೆ ಆ ತಿಂಗಳು ಆಲೆಮನೆ ಮುಚ್ಚಿತ್ತಾ, ಇಲ್ಲಾ ನೀವು ಹೋಗಿರಲಿಲ್ವಾ? ಇವತ್ತು ನಿಮ್ಮ ತಲೆಯಲ್ಲಿದೆ, ಐದು ವರ್ಷ ಆದ್ಮೇಲೆ ನಿಮಗೇ ನೆನಪಿರಲ್ಲ. ಫೈಲ್ ಸಿಎಸ್‌ವಿ, ಅಂದ್ರೆ ಯಾವ ಸಾಫ್ಟ್‌ವೇರ್‌ನಲ್ಲೂ ತೆರೆಯೋ ಸರಳ ಟೇಬಲ್ ಫೈಲ್ ಆಗಿ ಸೇವ್ ಮಾಡುವಾಗ ಯುಟಿಎಫ್-8 ಅಂತ ಇರೋದನ್ನೇ ಆರಿಸ್ಕೊಳ್ಳಿ, ಇಲ್ಲ ಅಂದ್ರೆ ಕನ್ನಡ ಅಕ್ಷರ ಎಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿ ಕೂರುತ್ತೆ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಲೈಬ್ರರಿಗೆ ಒಬ್ಬ ಹುಡುಗಿ ಹಳೇ ಥೀಸಿಸ್ ಒಂದನ್ನ ಹುಡುಕ್ಕೊಂಡು ಬಂದಿದ್ಲು, ಹಳ್ಳಿಯ ಅಜ್ಜಿಯರು ಹಾಡಿದ್ದ ಪದಗಳ ರೆಕಾರ್ಡಿಂಗ್ ಬೇಕಾಗಿತ್ತು ಅವಳಿಗೆ. ಥೀಸಿಸ್ ಹಿಂದಿನ ರಟ್ಟಿನಲ್ಲಿ ಒಂದು ಕವರ್, ಅದರೊಳಗೆ ಸಿಡಿ. ಮೂರು ಕಂಪ್ಯೂಟರ್‌ಗೆ ಹಾಕಿ ನೋಡಿದ್ವಿ, ಬಟ್ಟೆಯಲ್ಲಿ ಒರೆಸಿ ಹಾಕಿದ್ವಿ, ಗರಗರ ಅಂತ ಸುತ್ತಿ ನಿಂತೋಯ್ತು. ಹಾಡಿದ ಅಜ್ಜಿಯರು ಬಹುಶಃ ಒಬ್ಬರೂ ಬದುಕಿರಲಿಲ್ಲ. ಆ ಹುಡುಗಿ ಖಾಲಿ ಕೈಯಲ್ಲಿ ಹೋದಳು, ಆ ನೋವು ನಂಗಿನ್ನೂ ಹೋಗಿಲ್ಲ.

ಪ್ರಶ್ನೆ: ಮೈಸೂರಿನ ಕಾಲೇಜೊಂದರಲ್ಲಿ ಅಧ್ಯಾಪಕಿ. ನನ್ನ ಎರಡು ಪೇಪರ್ ಚಂದಾ ಜರ್ನಲ್‌ನಲ್ಲಿ ಬಂದಿವೆ, ಕಾಪಿರೈಟ್ ಬರ್ಕೊಟ್ಟಿದೀನಿ. ಅದನ್ನ ರೆಪಾಸಿಟರಿಗೆ ಹಾಕಬಹುದಾ? ಈಗ ಸರ್ಕಾರವೇ ಜರ್ನಲ್‌ಗಳಿಗೆ ಚಂದಾ ಕಟ್ಟೋ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಬಂದಿದೆಯಲ್ಲ, ಎಲ್ಲರೂ ಓದಬಹುದು, ಹಾಕೋ ಅಗತ್ಯನಾದ್ರೂ ಏನು?

ಉತ್ತರ: ಎಲ್ಲರೂ ಅಲ್ಲ ಮೇಡಂ. 2025ರ ಜನವರಿಯಿಂದ ಶುರುವಾದ ಆ ಯೋಜನೆಯಲ್ಲಿ ಸುಮಾರು 13,000 ಜರ್ನಲ್ ಸಿಗುತ್ತೆ ನಿಜ, ಆದ್ರೆ ಅದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆ ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳಲ್ಲಿ ಇರೋರಿಗೆ. ಪ್ರೈವೇಟ್ ಕಾಲೇಜಿನ ನಿಮ್ಮ ಸ್ನೇಹಿತೆ, ಕೆಲಸ ಬಿಟ್ಟು ಮನೆಯಲ್ಲಿ ಓದ್ಕೋತಿರೋ ನಿಮ್ಮ ಹಳೇ ಸ್ಟೂಡೆಂಟ್, ಪತ್ರಿಕೆ ವರದಿಗಾರ, ಇವರೆಲ್ಲ ಹೊರಗೇ.

ಹಾಕೋ ದಾರಿ ಇದೆ. ಪೇಪರ್‌ಗೆ ಮೂರು ರೂಪ ಇರುತ್ತೆ, ನೀವು ಮೊದಲು ಕಳಿಸಿದ್ದು, ವಿಮರ್ಶಕರು ಹೇಳಿದ್ದೆಲ್ಲ ತಿದ್ದಿ ಒಪ್ಪಿಗೆ ಆದ ನಿಮ್ಮ ವರ್ಡ್ ಫೈಲ್, ಆಮೇಲೆ ಜರ್ನಲ್‌ನವರು ಲೋಗೋ ಹಾಕಿ ಅಚ್ಚು ಮಾಡಿದ ಪಿಡಿಎಫ್. ಚಂದಾ ಜರ್ನಲ್‌ಗಳು ಸಾಮಾನ್ಯವಾಗಿ ಮೂರನೇದಕ್ಕೆ ಒಪ್ಪಲ್ಲ, ಆದ್ರೆ ಎರಡನೇದನ್ನ ಇಂತಿಷ್ಟು ತಿಂಗಳಾದ್ಮೇಲೆ ಹಾಕೋಕೆ ಬಹಳಷ್ಟು ಪ್ರಕಾಶಕರು ಬಿಡ್ತಾರೆ. ನಿಮ್ಮ ಜರ್ನಲ್ ನಿಯಮ ಏನು ಅಂತ ಓಪನ್ ಪಾಲಿಸಿ ಫೈಂಡರ್ ಅನ್ನೋ ವೆಬ್‌ಸೈಟ್‌ನಲ್ಲಿ ಹುಡುಕಿ, ಮೊದಲು ಶೆರ್ಪಾ ರೋಮಿಯೋ ಅಂತಿತ್ತಲ್ಲ, ಅದೇ. ಜೊತೆಗೆ ನೀವು ಸಹಿ ಹಾಕಿದ ಒಪ್ಪಂದನೂ ಒಮ್ಮೆ ಓದಿ. ಆ ವರ್ಡ್ ಫೈಲ್ ಯಾರೂ ಇಟ್ಕೊಂಡಿರಲ್ಲ, ಅದೇ ದೊಡ್ಡ ತೊಂದರೆ, ಇವತ್ತೇ ಹಳೇ ಮೇಲ್ ಹುಡುಕಿ.

ನಮ್ಮೂರಿಗೆ ಇದು ಹೊಸದೇನಲ್ಲ. ಬೆಂಗಳೂರಿನ ಐಐಎಸ್‌ಸಿ 2002ರಲ್ಲೇ ಇಪ್ರಿಂಟ್ಸ್ ಅನ್ನೋ ರೆಪಾಸಿಟರಿ ಶುರು ಮಾಡ್ತು, ಮೈಸೂರು ವಿಶ್ವವಿದ್ಯಾಲಯಕ್ಕೂ ತನ್ನ ಇಪ್ರಿಂಟ್ಸ್ ಇದೆ, ಮೈಸೂರಲ್ಲೇ ಇರೋ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೂ ಸ್ವಂತ ರೆಪಾಸಿಟರಿ ಇದೆ. ಅದಕ್ಕೂ ಹಿಂದೆ ಹೋದ್ರೆ, ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಕಟ್ಟು ಮೈಸೂರಿನ ಪ್ರಾಚ್ಯ ಸಂಗ್ರಹದಲ್ಲಿ ಇತ್ತು, ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಅದನ್ನ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ಮೇಲೇ ಪ್ರಪಂಚಕ್ಕೆ ಸಿಕ್ಕಿದ್ದು. ಕಟ್ಟು ಭದ್ರವಾಗಿದ್ದಷ್ಟೇ ಆಗಿದ್ರೆ ಯಾರು ಓದ್ತಿದ್ರು?

ಪ್ರಶ್ನೆ: ಕನ್ನಡ ಎಂ.ಎ., ಪಿಎಚ್‌ಡಿ, ಥೀಸಿಸ್ ಕನ್ನಡದಲ್ಲೇ ಬರ್ದಿದ್ದು. ಆನ್‌ಲೈನ್‌ನಲ್ಲಿ ಇದೆ, ಆದ್ರೆ ಒಳಗಿರೋ ಪದ ಹಾಕಿ ಗೂಗಲ್ ಮಾಡಿದ್ರೆ ಬರೋದೇ ಇಲ್ಲ. ಯಾಕೆ?

ಉತ್ತರ: ಹಳೇ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ರಾ? ಪಿಡಿಎಫ್ ತೆಗೆದು ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಕನ್ನಡದ ಬದಲು ತಲೆ ಮೇಲೆ ಚುಕ್ಕಿ, ಗೆರೆ ಇರೋ ಇಂಗ್ಲಿಷ್ ಅಕ್ಷರ ಬಂದ್ರೆ ಅದೇ ಕಾರಣ. ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಅರ್ಥವಿಲ್ಲದ ಗೀಚು. ಯಾವುದೇ ಸರ್ಚ್ ಇಂಜಿನ್ ಅದನ್ನ ಕನ್ನಡ ಅಂತ ಓದೋಕಾಗಲ್ಲ.

ಮೂಲ ವರ್ಡ್ ಫೈಲ್ ಇದ್ರೆ ಯೂನಿಕೋಡ್‌ಗೆ, ಅಂದ್ರೆ ಕಂಪ್ಯೂಟರ್ ಕನ್ನಡವನ್ನ ಕನ್ನಡ ಅಂತಲೇ ಗುರುತಿಸೋ ವಿಧಾನಕ್ಕೆ ಬದಲಾಯಿಸಿ, ಕನ್ವರ್ಟರ್ ಪುಕ್ಕಟೆ ಸಿಗುತ್ತೆ. ಬದಲಾಯಿಸಿದ್ಮೇಲೆ ಒಂದ್ಸಲ ಪೂರ್ತಿ ಓದಿ, ಅರ್ಕಾವೊತ್ತು ಮತ್ತು ಅಂಕಿಗಳ ಹತ್ರ ಎಡವಟ್ಟಾಗುತ್ತೆ. ಆಗಲೇ ಹಾಕಿರೋ ಥೀಸಿಸ್ ಫೈಲ್ ನೀವೇ ಬದಲಾಯಿಸೋಕಾಗಲ್ಲ, ಶೋಧಗಂಗಾಗೆ ಹಾಕೋದು ವಿಶ್ವವಿದ್ಯಾಲಯ, ಹಾಗಾಗಿ ಲೈಬ್ರರಿಗೆ ಒಂದು ಅರ್ಜಿ ಬರೀರಿ. ಅದು ತಡ ಆಗಬಹುದು, ಅಷ್ಟರಲ್ಲಿ ಕನ್ನಡದಲ್ಲೇ ಒಂದು ಪುಟದ ಸಾರಾಂಶ ಮತ್ತು ಹತ್ತು ಕೀವರ್ಡ್ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಅವರ ಕೈಗೆ ಕೊಡಿ, ವಿವರದ ಜಾಗಕ್ಕೆ ಅದನ್ನ ಸೇರಿಸಿ ಅಂತ ಕೇಳಿ. ಅಷ್ಟಾದ್ರೆ ನಿಮ್ಮ ವಿಷಯದ ಪದ ಹುಡುಕಿದವರಿಗೆ ಆ ಪುಟ ಸಿಗೋಕೆ ಶುರುವಾಗುತ್ತೆ.