ಲೀ-ಎನ್‌ಫೀಲ್ಡ್ ನಂ. 4 (ಟಿ) ಸ್ನೈಪರ್ ರೈಫಲ್ ಅಸಲಿಯೇ ಎಂದು ತಿಳಿಯುವುದು ಹೇಗೆ?

ಅಮೆರಿಕದಲ್ಲಿರುವ ನಿಮ್ಮ ಅಳಿಯಂದಿರು ಎರಡನೇ ಮಹಾಯುದ್ಧದ ನಂ. 4 (ಟಿ) ರೈಫಲ್ ಒಂದನ್ನು ಕೊಳ್ಳಲು ಹೊರಟಿದ್ದಾರೆಂದೂ, ಮಾರುವವನು ‘ಟಿ’ (ಟೆಲಿಸ್ಕೋಪ್) ಮುದ್ರೆಯ ಚಿತ್ರವನ್ನಷ್ಟೇ ಕಳುಹಿಸಿ ಅಸಲಿ ಎನ್ನುತ್ತಿದ್ದಾನೆಂದೂ, ಮುಂದೆ ಅದನ್ನು ದಾವಣಗೆರೆಯ ಮನೆಗೆ ತರುವ ಆಸೆಯಿದೆಯೆಂದೂ ಬರೆದಿದ್ದೀರಿ. ನಾನು ಸೇನೆಯಲ್ಲಿ ಆರ್ಮರರ್ (ಆಯುಧ ದುರಸ್ತಿ ಮಾಡುವವನು) ಆಗಿದ್ದು ಈಗ ಚಿತ್ರದುರ್ಗದಲ್ಲಿ ನೆಲೆಸಿರುವವನು; ನಂ. 4ರಂಥ .303 ಬೋರಿನ (ನಳಿಗೆಯ ಒಳ ಅಳತೆ) ರೈಫಲ್‌ಗಳನ್ನು ಬಿಚ್ಚಿ ಜೋಡಿಸಿ ಕೈ ಪಳಗಿದೆ. ಆ ಒಂದು ಮುದ್ರೆಯನ್ನು ನಂಬಿ ಹಣ ಕೊಡಬೇಡಿ. ಅಕ್ಷರದ ಪಂಚ್ ಇಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಹಾಕುವುದು ದಾವಣಗೆರೆಯ ಯಾವ ಲೇತ್ ಅಂಗಡಿಯಲ್ಲಾದರೂ ಐದು ನಿಮಿಷದ ಕೆಲಸ.

ಈ ರೈಫಲ್‌ಗಳು ಸ್ನೈಪರ್ ಆಗಿಯೇ ತಯಾರಾದವಲ್ಲ. ಬರ್ಮಿಂಗ್‌ಹ್ಯಾಮ್ ಬಳಿಯ ಬಿಎಸ್‌ಎ (ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್) ಮುಂತಾದ ಕಾರ್ಖಾನೆಗಳ ಸಾಮಾನ್ಯ ರೈಫಲ್‌ಗಳಲ್ಲಿ ಗುರಿ ತಪ್ಪದವನ್ನು ಆರಿಸಿ, ಹೆಚ್ಚಿನವನ್ನು 1942ರಿಂದ ಲಂಡನ್ನಿನ ಬಂದೂಕು ತಯಾರಕ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಗೆ ಕಳುಹಿಸಲಾಗುತ್ತಿತ್ತು. ಅಲ್ಲಿ ರಿಸೀವರ್‌ನ (ಬೋಲ್ಟ್ ಓಡಾಡುವ ಲೋಹದ ಮೈ) ಎಡಬದಿಗೆ ಎರಡು ಉಕ್ಕಿನ ಪ್ಯಾಡ್‌ಗಳನ್ನು ಸ್ಕ್ರೂ ಮತ್ತು ಸಾಲ್ಡರ್ ಬೆಸುಗೆಯಿಂದ ಕೂರಿಸಿ, ಮೂಲತಃ ಬ್ರೆನ್ ಎಂಬ ಲಘು ಮೆಷಿನ್ ಗನ್ನಿಗೆಂದು ರೂಪಿಸಿದ್ದ, ಮೂರು ಪಟ್ಟು ಹಿಗ್ಗಿಸಿ ತೋರಿಸುವ ನಂ. 32 ಸ್ಕೋಪನ್ನು (ಗುರಿ ನೋಡುವ ದುರ್ಬೀನು) ಬ್ರಾಕೆಟ್ ಮೂಲಕ ಜೋಡಿಸಿ, ಬಟ್‌ನ (ಭುಜಕ್ಕೆ ಆನಿಸುವ ಮರದ ಹಿಂಭಾಗ) ಮೇಲೆ ಕೆನ್ನೆ ಆನಿಸಲು ಮರದ ತುಂಡನ್ನು ಬಿಗಿಯುತ್ತಿದ್ದರು. ಆದ್ದರಿಂದ ಹುಡುಕಬೇಕಾದದ್ದು ಅಕ್ಷರವನ್ನಲ್ಲ, ಈ ಕೆಲಸದ ಗುರುತನ್ನು.

ಮೊದಲು ಪ್ಯಾಡ್‌ಗಳ ಹತ್ತಿರದ ಚಿತ್ರ ಕೇಳಿ. ವೆಲ್ಡಿಂಗ್‌ನ ಉಬ್ಬು, ಹೊಸ ಸ್ಕ್ರೂ ಅಥವಾ ಪ್ಯಾಡ್ ಒಂದು ಬಣ್ಣ, ರಿಸೀವರ್ ಇನ್ನೊಂದು ಬಣ್ಣ ಕಂಡರೆ ಅನುಮಾನಿಸಿ. ಹಿಂಬದಿಯ ಗುರಿಪಟ್ಟಿಯಲ್ಲಿದ್ದ ಯುದ್ಧದ ಗುರಿರಂಧ್ರವನ್ನು ಸ್ಕೋಪಿಗೆ ತಾಗದಿರಲೆಂದು ಉಜ್ಜಿ ತೆಗೆದಿರಬೇಕು. ನಕಲು ಮಾಡುವವರು ಇದನ್ನು ಮರೆಯುವುದುಂಟು. ಬಟ್‌ನ ತಳದಲ್ಲಿ ‘ಎಸ್51’ ಎಂಬ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯ ಸಂಕೇತವಿರುತ್ತದೆ. ಆದರೆ ಕೆನಡಾದ ಲಾಂಗ್ ಬ್ರಾಂಚ್ ಕಾರ್ಖಾನೆ ತನ್ನ ಸ್ನೈಪರ್‌ಗಳನ್ನು ತಾನೇ ಸಿದ್ಧಪಡಿಸಿದ್ದರಿಂದ, ಅವುಗಳಲ್ಲಿ ಆ ಸಂಕೇತವಿಲ್ಲವೆಂದು ನಕಲಿ ಎನ್ನಲಾಗದು.

ಸಂಖ್ಯೆಗಳ ವಿಷಯ ಇನ್ನೂ ಸೂಕ್ಷ್ಮ. ರೈಫಲ್‌ನ ಸಂಖ್ಯೆಯನ್ನು ಬ್ರಾಕೆಟ್ಟಿನ ಮೇಲೂ, ಸ್ಕೋಪಿನ ಸಂಖ್ಯೆಯನ್ನು ಬಟ್‌ನ ಕತ್ತಿನ ಮರದ ಮೇಲೂ ಒತ್ತುತ್ತಿದ್ದರು. ಪಹಣಿಯಲ್ಲಿ ಸರ್ವೆ ನಂಬರ್ ಸರಿಯಿದ್ದರೂ ಚೆಕ್ಕುಬಂದಿ ಹೊಂದದ ಜಮೀನನ್ನು ನೀವು ಕೊಳ್ಳುವುದಿಲ್ಲ. ಇಲ್ಲಿಯೂ ಹಾಗೆಯೇ ಒಂದನ್ನು ಇನ್ನೊಂದಕ್ಕೆ ತಾಳೆ ನೋಡಬೇಕು. ಸ್ಕೋಪ್ ಕೆಟ್ಟಾಗ ಆರ್ಮರರ್ ಬೇರೊಂದನ್ನು ಜೋಡಿಸಿ, ಹಳೆಯ ಸಂಖ್ಯೆಗೆ ಗೀಟು ಹಾಕಿ ಹೊಸದನ್ನು ಒತ್ತಿರುವುದೂ ಉಂಟು. ಎಣ್ಣೆ ಹೀರಿ ಕಪ್ಪಾದ ಮರದಲ್ಲಿ ಅಂಥ ಗೀಟು ಬಿದ್ದ ಸಂಖ್ಯೆಯನ್ನು ಕಂಡರೆ ನನಗೆ ನಂಬಿಕೆ ಹೆಚ್ಚುತ್ತದೆ. ಸವೆದ ಮರದಲ್ಲಿ ಚೂಪು ಅಂಚಿನ, ಒಳಗೆ ತಿಳಿ ಬಣ್ಣದ ಸಂಖ್ಯೆ ಕಂಡರೆ ಅದು ನಿನ್ನೆ ಮೊನ್ನೆಯದೆಂದೇ ತಿಳಿಯುತ್ತೇನೆ.

ಮಾರುವವನು ಈ ಚಿತ್ರಗಳನ್ನು ಕೊಡಲು ಹಿಂದೇಟು ಹಾಕಿದರೆ ಸಾಮಾನ್ಯ ನಂ. 4 ರೈಫಲ್ಲಿನ ಬೆಲೆಗಿಂತ ಒಂದು ಡಾಲರನ್ನೂ ಹೆಚ್ಚು ಕೊಡಬಾರದು. ಅದನ್ನು ದಾವಣಗೆರೆಗೆ ತರುವ ಯೋಚನೆಯನ್ನಂತೂ ಕೈಬಿಡಿ; .303 ನಮ್ಮ ದೇಶದಲ್ಲಿ ನಿಷೇಧಿತ ಬೋರ್.