ಈ ಮಗುವಿಗೆ ಎಳೆ ಬಿಸಿಲೂ ಬೇಡ

ಪ್ರಶ್ನೆ: ಮಗನಿಗೆ ಮೂರು ವರ್ಷ. ಮುಖ, ಕೈ ಮೇಲೆಲ್ಲಾ ಸಾಸಿವೆ ಚೆಲ್ಲಿದ ಹಾಗೆ ಕಂದು ಚುಕ್ಕೆಗಳು. ‘ಎಕ್ಸ್‌ಪಿಸಿ’ ಜೀನ್ ಕೆಟ್ಟಿದೆ ಎಂದು ರಿಪೋರ್ಟ್ ಬಂದಿದೆ. ನಾನು ಮದುವೆಯಾಗಿರುವುದು ಸೋದರಮಾವನನ್ನೇ. ನನ್ನ ಅಜ್ಜಿಯೇ ನನಗೆ ಅತ್ತೆ. ಅವರು ನಾಗದೋಷ ಅನ್ನುತ್ತಾರೆ, ದಿನಾ ಬೆಳಿಗ್ಗೆ ಮಗುವನ್ನು ಎಳೆ ಬಿಸಿಲಿಗೆ ಕೂರಿಸುತ್ತಾರೆ. ಅವನಿಗೆ ಚರ್ಮವೇನೂ ಸುಡುವುದಿಲ್ಲ.
– ಒಬ್ಬ ತಾಯಿ, ತುಮಕೂರು ಜಿಲ್ಲೆ

ಉತ್ತರ: ಮೊದಲು ಆ ಎಳೆ ಬಿಸಿಲು ನಿಲ್ಲಿಸಿ, ಇವತ್ತಿನಿಂದಲೇ. ಅಜ್ಜಿಯ ಮೇಲೆ ಸಿಟ್ಟಾಗಬೇಡಿ. ಮಗುವನ್ನು ಎಳೆ ಬಿಸಿಲಿಗೆ ಹಿಡಿಯಿರಿ ಎಂದು ಎಷ್ಟೋ ಬಾಣಂತಿಯರಿಗೆ ನಾನೇ ಹೇಳಿದ್ದೇನೆ. ಆದರೆ ಈ ಮಗುವಿನ ಲೆಕ್ಕ ಬೇರೆ.

ಬಿಸಿಲು ಬಿದ್ದರೆ ಎಲ್ಲರ ಚರ್ಮದಲ್ಲೂ ಡಿಎನ್‌ಎಗೆ ಅಲ್ಲಲ್ಲಿ ಪೆಟ್ಟಾಗುತ್ತದೆ, ಅದರ ಸಾಲಿನಲ್ಲಿರುವ ಅಕ್ಕಪಕ್ಕದ ‘ಅಕ್ಷರಗಳು’, ಅಂದರೆ ಅದರ ಬಿಡಿ ಘಟಕಗಳು, ಅಂಟಿಕೊಳ್ಳುತ್ತವೆ. ಸೀರೆಗೆ ರಫೂ ಹಾಕಿದ ಹಾಗೆ ದೇಹ ಸುಮಾರು 30 ಅಕ್ಷರಗಳ ತುಂಡನ್ನು ಕತ್ತರಿಸಿ ತೆಗೆದು ಹೊಸದು ನೇಯುತ್ತದೆ. ಎಲ್ಲಿ ಕೆಟ್ಟಿದೆ ಎಂದು ಮೊದಲು ಹುಡುಕಿ ತೋರಿಸುವುದೇ ಎಕ್ಸ್‌ಪಿಸಿಯ ಕೆಲಸ. ನಿಮ್ಮ ಮಗನಲ್ಲಿ ಆ ತೋರಿಸುವವನೇ ಇಲ್ಲ. ರಿಪೇರಿಯಾಗದ್ದು ಕೂಡುತ್ತಾ ಹೋದರೆ ಎಳೆ ವಯಸ್ಸಿಗೇ ಚರ್ಮದ ಕ್ಯಾನ್ಸರ್ ಬರಬಹುದು. ಕಾಯಿಲೆಯ ಹೆಸರು ಜೀರೋಡರ್ಮಾ ಪಿಗ್ಮೆಂಟೋಸಮ್. ಇದರ ಮೂಲ ಈ ರಿಪೇರಿಯ ಕೊರತೆ ಎಂದು 1968ರಲ್ಲಿ ಜೇಮ್ಸ್ ಕ್ಲೀವರ್ ಎಂಬ ವಿಜ್ಞಾನಿ ತೋರಿಸಿದರು.

ಸುಡುವುದಿಲ್ಲ ಅಂದಿರಲ್ಲ, ಮೋಸ ಆಗುವುದೇ ಅಲ್ಲಿ. ಎಕ್ಸ್‌ಪಿಸಿ ಕೆಟ್ಟ ಮಕ್ಕಳಲ್ಲಿ ಹೆಚ್ಚಿನವರಿಗೆ ಬಿಸಿಲಲ್ಲಿ ಚರ್ಮ ಅತಿಯಾಗಿ ಸುಡುವುದಿಲ್ಲ. ಸುಮ್ನೆ ಚುಕ್ಕೆ ಜಾಸ್ತಿಯಾಗುತ್ತವೆ.

ನಾಗನನ್ನು ಇದರಲ್ಲಿ ಎಳೆಯುವುದು ಬೇಡ, ಪಾಪ. ನಿಮ್ಮಿಬ್ಬರಲ್ಲೂ ಈ ಜೀನಿನ ಒಂದು ಪ್ರತಿ ಕೆಟ್ಟಿದೆ, ಇನ್ನೊಂದು ಸರಿಯಿದೆ. ಅದಕ್ಕೇ ನೀವಿಬ್ಬರೂ ಆರೋಗ್ಯವಾಗಿದ್ದೀರಿ. ಒಂದೇ ಮನೆತನದವರಾದ್ದರಿಂದ ಒಂದೇ ಕೆಟ್ಟ ಪ್ರತಿ ಇಬ್ಬರಿಗೂ ಬಂದಿರಬಹುದು. ಮಗನಿಗೆ ಎರಡೂ ಕೆಟ್ಟವೇ ಸಿಕ್ಕಿವೆ. ಪ್ರತಿ ಬಸಿರಿನಲ್ಲೂ ಹೀಗಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇನ್ನೊಂದು ಮಗು ಬೇಕೆನಿಸಿದರೆ ಬಸಿರಾಗುವ ಮೊದಲೇ ಜೆನೆಟಿಕ್ ಡಾಕ್ಟರನ್ನು ನೋಡಿ.

ಹಗಲು ಹೊರಗೆ ಹೋಗಲೇಬೇಕಾದರೆ ತುಂಬು ತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಎಲ್ಲವೂ ಬೇಕು. ಕಿಟಕಿ ಗಾಜು ಬಿಸಿಲಿನ ಕೆಟ್ಟ ಕಿರಣಗಳನ್ನು ಪೂರ್ತಿ ತಡೆಯುವುದಿಲ್ಲ, ಪರದೆ ಹಾಕಿ. ಬಿಸಿಲಿಲ್ಲದೆ ವಿಟಮಿನ್ ಡಿ ಕಡಿಮೆಯಾಗುತ್ತದೆ, ಅದಕ್ಕೆ ಡಾಕ್ಟರ್ ಹನಿ ಬರೆದುಕೊಡುತ್ತಾರೆ. ಚರ್ಮ, ಕಣ್ಣು ಎರಡನ್ನೂ ಕೆಲವು ತಿಂಗಳಿಗೊಮ್ಮೆ ತೋರಿಸಿ. ಹೊಸ ಗಂಟು, ವಾಸಿಯಾಗದ ಹುಣ್ಣು ಕಂಡರೆ ಆವತ್ತೇ ಹೋಗಿ.

ನಾಗರಕಟ್ಟೆಗೆ ಹೋಗಲೇಬೇಕು ಎಂದು ಅಜ್ಜಿ ಹಟ ಹಿಡಿದರೆ ಕರೆದುಕೊಂಡು ಹೋಗಲಿ. ಹೊತ್ತು ಮುಳುಗಿದ ಮೇಲೆ.